ಕಡಲಿನ ಸದ್ದು ಓಕೆ, ವಾಟ್ಸಾಪಿನ ಟಿಂಗ್ ಬೇಡ

ಆಡಿಟ್ ಆಫೀಸಲ್ಲಿ ಕೆಲಸ ಮಾಡುವವರಿಗೆ ಕ್ಯಾಲೆಂಡರಲ್ಲಿ ಹಬ್ಬ ಕಾಣುವುದಿಲ್ಲ ಮಾರಾಯ್ರೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ (ಎರಡೂ ಜಿಎಸ್‌ಟಿ ರಿಟರ್ನು), ಜುಲೈ 31ಕ್ಕೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸು, ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್, ಅಷ್ಟೇ. ಆದ್ರೆ ನನ್ನನ್ನು ಸುಸ್ತು ಮಾಡಿದ್ದು ಈ ಡೇಟುಗಳಲ್ಲ, ಅದರ ಮಧ್ಯೆ ಯಾವ ಹೊತ್ತಿಗೆ ಬೇಕಾದ್ರೂ ಬರುವ ಮೆಸೇಜುಗಳು, ರಾತ್ರಿ ಹತ್ತೂವರೆಗೆ ಮಸುಕು ಮಸುಕು ಬಿಲ್ಲಿನ ಫೋಟೋ ಕಳಿಸಿ "ಮೇಡಂ ಇದು ನೋಡಿ" ಅಂತ.

ಸೀಸನ್ ಮುಗಿದ ಮೇಲೆ ಸರಿಯಾಗ್ತದೆ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಅಮ್ಮ ಮಿಕ್ಸಿ ಹಾಕಿದ್ರೆ ಅಳು ಬರ್ತಿತ್ತು. ಬಸ್ಸಲ್ಲಿ ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" (ಮುಂದೆ ಹೋಗಿ) ಅಂತ ತುಳುವಲ್ಲಿ ಕೂಗಿದ್ರೆ ನಂಗೇ ಬೈದ ಹಾಗೆ ಅನ್ನಿಸಿ ಮಂಗಳೂರಿನ ಜ್ಯೋತಿ ಸ್ಟಾಪಲ್ಲೇ ಇಳಿದು ನಡ್ಕೊಂಡು ಹೋದದ್ದೂ ಉಂಟು. ಮದುವೆ ಹಾಲಲ್ಲಿ ಊಟಕ್ಕೆ ಕೂರ್ಲಿಕ್ಕೇ ಆಗದೆ ಹೊರಗೆ ಕಾರಲ್ಲಿ ಕೂತೆ. "ಎಂತ ಆಯ್ತು ಮಗಾ, ಯಾರಾದ್ರೂ ಎಂತಾದ್ರೂ ಹೇಳಿದ್ರಾ?" ಅಂತ ಅಮ್ಮ ಕೇಳಿದ್ರು, ಯಾರೂ ಎಂತದೂ ಹೇಳಿರ್ಲಿಲ್ಲ, ಅದೇ ಸಮಸ್ಯೆ, ತೋರಿಸ್ಲಿಕ್ಕೆ ಒಂದು ಕಾರಣವೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು, ಅಂದ್ರೆ ಕೆಲಸದ ಒತ್ತಡದಿಂದ ಪೂರ್ತಿ ಸೋತು ಹೋಗುವುದನ್ನು, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಪಟ್ಟಿಗೆ ಸೇರಿಸಿತು, ಕಾಯಿಲೆ ಅಂತ ಅಲ್ಲ. ಮೂರು ಲಕ್ಷಣ ಹೇಳ್ತಾರೆ: ಶಕ್ತಿ ಬತ್ತಿ ಹೋಗುವುದು, ಕೆಲಸದ ಮೇಲೆ ಒಂಥರಾ ತಾತ್ಸಾರ ಬರುವುದು, ಮಾಡಿದ್ದೆಂತದೂ ಸರಿ ಆಗ್ತಿಲ್ಲ ಅನ್ನಿಸುವುದು. ಮೂರೂ ನನ್ನಲ್ಲಿತ್ತು.

ಎಲ್ಲರೂ ಕೊಟ್ಟ ಸಲಹೆ ಒಂದೇ, ಸದ್ದಿಲ್ಲದ ಜಾಗಕ್ಕೆ ಹೋಗು. ಹೋಗಿ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿದ್ರೆ ಕೈಯಲ್ಲಿ ಮೊಬೈಲು, ರೀಲ್ಸು, ಎದ್ದಾಗ ಮೊದಲಿಗಿಂತ ಸುಸ್ತು. ವಿಚಿತ್ರ ಎಂತ ಅಂದ್ರೆ ಅದೇ ಟೈಮಲ್ಲಿ ಊರಲ್ಲಿ ಮೇಳದ ಯಕ್ಷಗಾನ ಆಟ ಇತ್ತು, ಚೆಂಡೆ ಪೆಟ್ಟು ಎದೆಗೇ ಬೀಳುವಷ್ಟು ಹತ್ರ ಕೂತಿದ್ದೆ, ತಲೆನೋವಿಲ್ಲ ಎಂತದೂ ಇಲ್ಲ. ಹೆಂಚಿನ ಮೇಲೆ ಮಳೆ ಹೊಯ್ದ್ರೆ ಟಿವಿ ಕೇಳುವುದಿಲ್ಲ, ಆದ್ರೂ ನಿದ್ರೆ ಬರ್ತದೆ. ಹಾಗಾದ್ರೆ ವಿಷಯ ಸದ್ದು ಎಷ್ಟು ಅನ್ನುವುದಲ್ಲ.

1970ರ ಆಸುಪಾಸಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್, ಜೆರೋಮ್ ಸಿಂಗರ್ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು. ಜನರಿಗೆ ಜೋರು ಸದ್ದು ಕೇಳಿಸಿ, ಕೆಲವರಿಗೆ ಮಾತ್ರ ಅದನ್ನು ನಿಲ್ಲಿಸುವ ಒಂದು ಬಟನ್ ಕೊಟ್ರು, ಆದಷ್ಟು ಒತ್ತಬೇಡಿ ಅಂತಲೂ ಹೇಳಿದ್ರು. ಹೆಚ್ಚಿನವರು ಒತ್ತಲೇ ಇಲ್ಲ. ಆದ್ರೂ ಬಟನ್ ಇದ್ದವರು ಆಮೇಲೆ ಕೊಟ್ಟ ಕೆಲಸವನ್ನು ಚೆನ್ನಾಗಿ ಮಾಡಿದ್ರು, ಇಲ್ಲದವರು ಬೇಗ ಕೈ ಚೆಲ್ಲಿದ್ರು. ಯಾವಾಗ ಬರ್ತದೆ ಅಂತ ಗೊತ್ತಿಲ್ಲದ ಸದ್ದೇ ಜಾಸ್ತಿ ಕಾಡಿದ್ದು. ಇದು ಓದಿದಾಗ ನಂಗೆ ಕ್ಲಿಯರ್ ಆಯ್ತು: ಚೆಂಡೆ ನನ್ನಿಂದ ಉತ್ತರ ಕೇಳುವುದಿಲ್ಲ, ಸಾಕಾದ್ರೆ ಎದ್ದು ಬರ್ಬಹುದು. ವಾಟ್ಸಾಪಿನ ಟಿಂಗ್ ಉತ್ತರ ಕೇಳ್ತದೆ.

ಹಾಗಾಗಿ ನಾನು ಮಾಡಿದ್ದು ಬಟನ್ ಇಡುವ ಕೆಲಸ. ನೋಟಿಫಿಕೇಶನ್ ಆಫ್, ಸಂಜೆ ಏಳರ ನಂತರ ಆಫೀಸ್ ವಾಟ್ಸಾಪ್ ನೋಡುವುದಿಲ್ಲ ಅಂತ ಸ್ಟೇಟಸ್ಸಲ್ಲೇ ಹಾಕಿದೆ. ಭಾನುವಾರದ ಪಣಂಬೂರು ಬೀಚು ಬಿಟ್ಟು ವಾರದ ಮಧ್ಯೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಬೀಚಿಗೆ ಹೋಗ್ಲಿಕ್ಕೆ ಶುರು ಮಾಡಿದೆ.

ಹೆಚ್ಚು ಉಪಕಾರ ಆದದ್ದು ಮಾತ್ರ ಮಲ್ಲಿಗೆ. ದೊಡ್ಡಮ್ಮನ ಮನೆ ಉಡುಪಿ ಕಡೆಯ ಶಂಕರಪುರದ ಹತ್ರ, ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಬಾಳೆನಾರಲ್ಲಿ ಕಟ್ಲಿಕ್ಕೆ ಕೂರ್ತಾರೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ. ನಾನು ಕಟ್ಟಿದ್ದು ಮಾರ್ಲಿಕ್ಕೆ ಆಗುವ ಹಾಗೆ ಇರ್ಲಿಲ್ಲ, "ನೀನು ಕಟ್ಟಿದ್ದು ದೇವರಿಗೇ ಸಾಕು" ಅಂತ ದೊಡ್ಡಮ್ಮ ನಗಾಡಿದ್ರು. ಆದ್ರೆ ಎರಡೂ ಕೈಗೆ ಕೆಲಸ, ಮೊಬೈಲ್ ಹಿಡಿಲಿಕ್ಕೇ ಆಗುವುದಿಲ್ಲ, ನಾರು ಬಿಗಿ ಆಯ್ತಾ ಸಡಿಲ ಆಯ್ತಾ ಅನ್ನುವುದು ಬಿಟ್ಟು ತಲೆಯಲ್ಲಿ ಬೇರೆಂತದೂ ಇರುವುದಿಲ್ಲ. ಕೆಲಸದ ಸುಸ್ತಿಂದ ಚೇತರಿಸಿಕೊಳ್ಳುವುದರ ಬಗ್ಗೆ ಸಬೀನ್ ಸೋನೆನ್‌ಟಾಗ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞೆ ಬರೆದದ್ದರಲ್ಲಿಯೂ ಆಫೀಸನ್ನು ತಲೆಯಿಂದ ಪೂರ್ತಿ ಇಳಿಸುವುದರ ಜೊತೆ ಹೊಸದೊಂದು ಕಲಿಯುವುದೂ ಬರ್ತದೆ. ದೊಡ್ಡಮ್ಮ ಅದನ್ನು ಓದ್ಲಿಲ್ಲ ಅಂತ ಬೇರೆ ಹೇಳ್ಬೇಕಾ?

ನಿದ್ರೆಯೇ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸ್ತದೆ ಅಂತಾದ್ರೆ ಮಾತ್ರ ಹೂವು ಕಟ್ಟಿ ಸರಿಯಾಗುವ ಕೇಸಲ್ಲ ಅದು. ಡಾಕ್ಟರ ಹತ್ರ ಹೋಗಿ, ಇಲ್ಲಾಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡ್ಲಿಕ್ಕಿಲ್ಲ.

ನನ್ನ ಸ್ಟೇಟಸ್ ನೋಡಿ ಬಾಸಿಗೆ ಸ್ವಲ್ಪ ಬೇಜಾರುಂಟು, ಒಬ್ಬ ಕ್ಲೈಂಟ್ ಅಂತೂ ಮೆಸೇಜಿಗೆ ಉತ್ತರ ಬರ್ಲಿಲ್ಲ ಅಂತ ಈಗ ಫೋನೇ ಮಾಡ್ತಾರೆ, ಅದಕ್ಕೆಂತ ಮಾಡುವುದು ಅಂತ ಇನ್ನೂ ಗೊತ್ತಾಗ್ಲಿಲ್ಲ.