ಕಡ್ಡಾಯ ರಜೆ ಮತ್ತು ಎರಡನೆಯ ಸಾಲಿನ ನಾಯಕತ್ವ

ಟ್ರೆಷರಿ (ಬ್ಯಾಂಕಿನ ಹೂಡಿಕೆ, ವಿದೇಶಿ ವಿನಿಮಯದ ವಹಿವಾಟು ನಡೆಸುವ ವಿಭಾಗ), ಕರೆನ್ಸಿ ಚೆಸ್ಟ್ (ನೋಟು-ನಾಣ್ಯಗಳ ಭಂಡಾರ) ಮುಂತಾದ ಸೂಕ್ಷ್ಮ ಜಾಗಗಳಲ್ಲಿ ಕೆಲಸ ಮಾಡುವ ಬ್ಯಾಂಕ್ ನೌಕರರನ್ನು ಪ್ರತಿ ವರ್ಷ, ಮುಂಚಿತವಾಗಿ ತಿಳಿಸದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನಗಳ ರಜೆಗೆ ಕಳುಹಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. 2021ರ ಜುಲೈನಲ್ಲಿ ಪರಿಷ್ಕೃತವಾದ ಆ ಸೂಚನೆಯಂತೆ, ರಜೆಯಲ್ಲಿರುವವರಿಗೆ ಆಂತರಿಕ ಇಮೇಲ್ ಒಂದನ್ನು ಬಿಟ್ಟರೆ ಕೆಲಸಕ್ಕೆ ಸಂಬಂಧಿಸಿದ ಯಾವ ವ್ಯವಸ್ಥೆಗೂ ಪ್ರವೇಶವಿರಬಾರದು. ಒಬ್ಬರೇ ಒಂದು ಕುರ್ಚಿಯಲ್ಲಿ ಬಹುಕಾಲ ಕುಳಿತಾಗ ಮುಚ್ಚಿಹೋಗುವ ಅಕ್ರಮ ಅವರ ಗೈರುಹಾಜರಿಯಲ್ಲಿ ಹೊರಬೀಳಲಿ ಎಂಬುದು ಇದರ ಉದ್ದೇಶ. ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಟ್ರೆಷರಿಯ ಬ್ಯಾಕ್ ಆಫೀಸ್, ಅಂದರೆ ಆದ ವಹಿವಾಟುಗಳ ಲೆಕ್ಕ ಮತ್ತು ಪಾವತಿಯ ಕೆಲಸ, ನೋಡಿಕೊಳ್ಳುವ ನಾನು ಈ ನಿಯಮದಿಂದ ಇನ್ನೊಂದನ್ನು ಕಲಿತೆ. ಕೈಕೆಳಗಿನವರು ನಿರ್ಧಾರ ತೆಗೆದುಕೊಳ್ಳಲು ಕಲಿಯುವುದು ಮೇಲಿನವರು ನಿಜವಾಗಿಯೂ ಇಲ್ಲದ ದಿನಗಳಲ್ಲಿ.

ನಮ್ಮ ವಿಭಾಗದಲ್ಲಿ ಹುಬ್ಬಳ್ಳಿ ಕಡೆಯ ಅಧಿಕಾರಿಯೊಬ್ಬರಿದ್ದಾರೆ. ದೊಂಬಿವಲಿಯಿಂದ ಕುರ್ಲಾವರೆಗೆ ಲೋಕಲ್, ಅಲ್ಲಿಂದ ಶೇರ್ ಆಟೊ. ಮನೆಯಲ್ಲಿ ಶಾಲೆಗೆ ಹೋಗುವ ಮಗ, ವಯಸ್ಸಾದ ಅತ್ತೆ. ಲೆಕ್ಕದಲ್ಲಿ ಅವರ ಕಣ್ಣು ತಪ್ಪಿಸಿ ಏನೂ ದಾಟುವುದಿಲ್ಲ. ಆದರೂ ಬಡ್ತಿಯ ಮಾತು ಬಂದಾಗ ಹಿಂಜರಿದರು. "ಬಡ್ತಿ ತಗೊಂಡವರಿಗೆ ಮನಿ ಅನ್ನೋದ ಇರಂಗಿಲ್ಲ ಅಂತಾರ್ರೀ ಮೇಡಂ, ರಾತ್ರಿ ಹತ್ತಕ್ಕೂ ಫೋನ್ ಬರತಾವಂತ," ಎಂದರು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಜವಾಬ್ದಾರಿ ಹೊತ್ತವರಿಗೆ ಸಂಜೆಯೇ ಇಲ್ಲ ಎಂಬ ನಂಬಿಕೆ ಬೇರೂರಿದ ಕಚೇರಿಯಲ್ಲಿ ಸಮರ್ಥರು, ಅದರಲ್ಲೂ ಹೆಣ್ಣುಮಕ್ಕಳು, ತಾವಾಗಿಯೇ ಹಿಂದೆ ಸರಿಯುತ್ತಾರೆ. ಆಮೇಲೆ ಎಷ್ಟು ತರಬೇತಿ ಶಿಬಿರ ನಡೆಸಿದರೂ ಪ್ರಯೋಜನವಿಲ್ಲ.

ನನ್ನ ಕಡ್ಡಾಯ ರಜೆ ಯಾವ ದಿನ ಬರುತ್ತದೆಂದು ನನಗೇ ಗೊತ್ತಿರುವುದಿಲ್ಲವಾದ್ದರಿಂದ ವಿಭಾಗವು ಪ್ರತಿದಿನವೂ ನಾನಿಲ್ಲದೆ ನಡೆಯುವಂತಿರಬೇಕು. ಅದಕ್ಕೆಂದು ಒಂದು ರಿಜಿಸ್ಟರ್ ಇಟ್ಟಿದ್ದೇವೆ. ನಾಳೆ ಇತ್ಯರ್ಥವಾಗಬೇಕಾದ ಡೀಲ್‌ಗಳು, ತಾಳೆಯಾಗದೆ ಉಳಿದ ನಮೂದುಗಳು ಅದರಲ್ಲಿ ಸಂಜೆಯೇ ಬರೆಯಲ್ಪಡುತ್ತವೆ. ಪ್ರತಿ ಸಮಸ್ಯೆಯ ಎದುರು, ನನ್ನನ್ನು ಕೇಳುವ ಮೊದಲೇ, ತಮ್ಮ ತೀರ್ಮಾನವನ್ನೂ ಅದರ ಕಾರಣವನ್ನೂ ಸಂಬಂಧಪಟ್ಟ ಅಧಿಕಾರಿ ಬರೆಯಬೇಕು. ನಾನು ಸಹಿ ಹಾಕುತ್ತೇನೆ, ಇಲ್ಲವೇ "ಏಕೆ?" ಎಂದು ಬರೆಯುತ್ತೇನೆ. ಉತ್ತರವನ್ನು ಮಾತ್ರ ನಾನು ಬರೆಯುವುದಿಲ್ಲ.

ಕಳೆದ ಬಾರಿ ನಾನು ರಜೆಯಲ್ಲಿದ್ದಾಗ ಡಾಲರ್‌ನ ನಾಸ್ಟ್ರೋ ಖಾತೆಯಲ್ಲಿ (ವಿದೇಶಿ ಬ್ಯಾಂಕಿನಲ್ಲಿ ನಮ್ಮ ಬ್ಯಾಂಕ್ ಇಟ್ಟಿರುವ ಖಾತೆ) 1,00,000 ಬರಬೇಕಾದ ಕಡೆ 99,975 ಬಂದಿತ್ತು. ನಡುವಿನ ಬ್ಯಾಂಕ್ ಶುಲ್ಕ ಹಿಡಿದಿರಬಹುದೆಂದು ಯಾರಿಗೂ ತೋಚುತ್ತದೆ, ಆ 25 ಡಾಲರನ್ನು ಖರ್ಚಿಗೆ ಹಾಕಿ ಮುಗಿಸುವುದೂ ಸುಲಭ. ಹುಬ್ಬಳ್ಳಿ ಕಡೆಯ ಆ ಅಧಿಕಾರಿ ಹಾಗೆ ಮಾಡಲಿಲ್ಲ. ಶುಲ್ಕವೆಲ್ಲ ಕಳುಹಿಸುವವರದ್ದೆಂದು ಪಾವತಿಯ ಸಂದೇಶದಲ್ಲೇ ನಮೂದಾಗಿದ್ದುದನ್ನು ಹುಡುಕಿ, ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ವಿಚಾರಣೆ ಕಳುಹಿಸಿ, ಉತ್ತರ ಬರುವ ತನಕ ನಮೂದನ್ನು ಬಾಕಿಯಾಗಿಯೇ ಇಟ್ಟು, ಅಷ್ಟನ್ನೂ ನಾಲ್ಕು ಸಾಲಿನಲ್ಲಿ ರಿಜಿಸ್ಟರ್‌ಗೆ ಬರೆದಿದ್ದರು. ಮೊತ್ತ ಚಿಕ್ಕದು, ನಿರ್ಧಾರ ಪೂರ್ತಿಯಾಗಿ ಅವರದು. ನಾನು ಫೋನಿಗೆ ಸಿಗುವಂತಿದ್ದರೆ ಆ ನಾಲ್ಕು ಸಾಲು ಹುಟ್ಟುತ್ತಿರಲಿಲ್ಲ. ಲಾಗಿನ್ ಮುಚ್ಚಿ ಫೋನ್ ತೆರೆದಿಟ್ಟರೆ ಅದು ರಜೆಯಾಗುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಈ ಗಡಿ ಉಳಿದ ದಿನಗಳಿಗೂ ಬೇಕು. ಬ್ಯಾಂಕುಗಳ ನಡುವೆ ಹಣ ವರ್ಗಾಯಿಸುವ ವ್ಯವಸ್ಥೆಗಳಲ್ಲಿ 2019ರ ಡಿಸೆಂಬರ್‌ನಿಂದ ನೆಫ್ಟ್, 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುತ್ತಿವೆ. ಹಣ ನಿದ್ದೆ ಮಾಡುವುದಿಲ್ಲವೆಂದು ಮನುಷ್ಯರೂ ಎಚ್ಚರವಿರಬೇಕೆಂಬ ಅಭ್ಯಾಸ ಅದರ ಜೊತೆಗೇ ಬೆಳೆಯಿತು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ ಅಂದಾಜು ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ತಿಳಿಸಿವೆ. ನಮ್ಮಲ್ಲಿ ಈಗ ಸಂಜೆ ಏಳರ ನಂತರ ಫೋನ್ ಮಾಡಲು ಒಂದೇ ಕಾರಣ ಸಾಕೆನಿಸುತ್ತದೆ: ಮರುದಿನದ ಸೆಟಲ್‌ಮೆಂಟ್ (ಡೀಲ್‌ಗಳ ಇತ್ಯರ್ಥ) ನಿಂತುಹೋಗುವ ಸಂಭವ. ಉಳಿದದ್ದು ರಿಜಿಸ್ಟರ್‌ಗೆ ಹೋಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಸಂದೇಶ ಹಾಕಿ "ನಾಳೆ ನೋಡಿದರೆ ಸಾಕು" ಎಂದು ಸೇರಿಸುವುದನ್ನೂ ನಿಲ್ಲಿಸಿದ್ದೇವೆ, ಏಕೆಂದರೆ ಮೇಲಧಿಕಾರಿಯ ಸಂದೇಶವನ್ನು ಯಾರೂ ನಾಳೆಯ ತನಕ ನೋಡದೆ ಬಿಡುವುದಿಲ್ಲ.

ಆ ಅಧಿಕಾರಿ ಬಡ್ತಿಗೆ ಇನ್ನೂ ಅರ್ಜಿ ಹಾಕಿಲ್ಲ. ಬಡ್ತಿಯ ಜೊತೆ ಬರುವ ವರ್ಗಾವಣೆ ನನ್ನ ಕೈಯಲ್ಲಿಲ್ಲ, ಅದರ ಬಗ್ಗೆ ಭರವಸೆ ಕೊಡುವ ಅಧಿಕಾರವೂ ನನಗಿಲ್ಲ. ನನ್ನ ವಿಭಾಗದೊಳಗೆ ಮಾಡಬಹುದಾದದ್ದನ್ನು ಮಾಡುತ್ತಿದ್ದೇನೆ. ಮಾರ್ಚ್ 31ರ ಲೆಕ್ಕ ಮುಕ್ತಾಯದ ವಾರದಲ್ಲಿ ಏಳು ಗಂಟೆಯ ಮಿತಿ ಪಾಲಿಸಲು ಆಗುವುದಿಲ್ಲವೆಂದು ಎಲ್ಲರಿಗೂ ತಿಳಿದಿದೆ. ಆದ್ದರಿಂದ ಯಾರು ಯಾವ ಸಂಜೆ ಉಳಿಯಬೇಕು, ಅದರ ಬದಲಿಗೆ ಏಪ್ರಿಲ್‌ನಲ್ಲಿ ಯಾರಿಗೆ ಯಾವ ದಿನ ಬಿಡುವು ಎಂಬ ಪಟ್ಟಿಯನ್ನು ಫೆಬ್ರವರಿಯಲ್ಲೇ ಸಿದ್ಧಪಡಿಸುತ್ತೇವೆ. ಈ ವರ್ಷ ಆ ಪಟ್ಟಿಯನ್ನು ಸಿದ್ಧಪಡಿಸಿದವರು ಅವರೇ, ಅದರಲ್ಲಿ ನನ್ನ ಹೆಸರಿನ ಮುಂದೆಯೂ ಬಿಡುವಿನ ದಿನವನ್ನು ನನ್ನನ್ನು ಕೇಳದೆಯೇ ಬರೆದಿದ್ದರು.