ಜೋಗ, ಹಂಪಿ, ಅಳಿವೆ: ಮಕ್ಕಳ ಪಿಯಾನೊ ಜೋಡಿ ತುಣುಕುಗಳು ಎಲ್ಲಿಗೆ ಬಂದಿವೆ

ಜೂನ್

ಐದು ತುಣುಕುಗಳಲ್ಲಿ ‘ಬಯಲು’ ಮುಗಿದಿದೆ. ‘ಜೋಗ’ ಅರ್ಧ ಆಗಿದೆ. ಆಗುಂಬೆ, ಹಂಪಿ, ಅಳಿವೆ ಮೂರೂ ಇನ್ನೂ ಪೆನ್ಸಿಲ್ ಗೀಟುಗಳಲ್ಲೇ ಇವೆ.

ಈ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಮೈಸೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತೇನೆ. ಒಂದೇ ಪಿಯಾನೊ ಮುಂದೆ ಇಬ್ಬರು ಪಕ್ಕಪಕ್ಕ ಕೂತು ನುಡಿಸುವಂಥ ತುಣುಕುಗಳನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಮಟ್ಟ ಒಂದನೇ ಗ್ರೇಡಿನಿಂದ ಮೂರನೇ ಗ್ರೇಡಿನವರೆಗೆ. ಬಲಕ್ಕೆ ಕೂತವರ ಭಾಗಕ್ಕೆ ಪ್ರೀಮೊ ಅಂತಾರೆ, ಎಡಕ್ಕೆ ಕೂತವರದ್ದು ಸೆಕೊಂಡೊ. ಒಂದೊಂದು ತುಣುಕಿಗೂ ಕರ್ನಾಟಕದ ಒಂದೊಂದು ಜಾಗ.

ಜಾಗದ ಹೆಸರು ಹೊತ್ತ ಪಿಯಾನೊ ಸಂಗೀತಕ್ಕೆ ಬರ ಇಲ್ಲ. ಡ್ವೊರ್ಝಾಕ್ 1883–84ರಲ್ಲಿ ತನ್ನ ಬೊಹೀಮಿಯಾದ ಕಾಡಿನ ಮೇಲೆ ಆರು ತುಣುಕುಗಳ ಗುಚ್ಛವನ್ನೇ ನಾಲ್ಕು ಕೈಗೆ ಬರೆದ. ಅವು ಪಳಗಿದ ಕೈಗಳಿಗೆ. ಮಕ್ಕಳ ಪುಸ್ತಕಗಳಲ್ಲಿ ಎಷ್ಟೋ ಸಲ ಹೆಸರು ಒಂದು ಕಡೆ, ಸಂಗೀತ ಒಂದು ಕಡೆ ಆಗಿಬಿಡುತ್ತೆ. ‘ಜಲಪಾತ’ ಅನ್ನೋದನ್ನು ಅಳಿಸಿ ‘ಗಾಳಿಪಟ’ ಅಂತ ಬರೆದರೂ ನಡೆಯುತ್ತೆ. ನನಗೆ ಅದು ಸಾಲದು. ಆ ಜಾಗದಲ್ಲಿ ನೀರು, ಕಲ್ಲು, ಬೆಳಕು ಏನು ಮಾಡುತ್ತೋ ಅದನ್ನೇ ಮಗುವಿನ ಬೆರಳೂ ಮಾಡಬೇಕು. ಹೆಸರು ಮುಚ್ಚಿಟ್ಟರೂ ಕೈಗೆ ಗೊತ್ತಾಗಬೇಕು. ಇದೊಂದು ಹಟ ಹಿಡಿದೇ ಕೆಲಸ ಶುರು ಮಾಡಿದ್ದು.

‘ಬಯಲು’ ಪೂರ್ತಿ ಕಪ್ಪು ಕೀಗಳ ಮೇಲಿದೆ. ಗದಗದ ಕಡೆ ಎರೆಹೊಲದ ನಡುವೆ ನಿಂತರೆ ಎತ್ತ ನೋಡಿದರೂ ನೆಲ ಅದೇ. ಬದಲಾಗೋದು ಬೆಳಕು. ಇದನ್ನು ಐದು ಸ್ವರದಲ್ಲಿ ಹೇಳಬಹುದು ಅನ್ನಿಸಿತು. ಕಪ್ಪು ಕೀಗಳಲ್ಲಿ ಐದೂವರೆ ಮನೆಯನ್ನು, ಅಂದರೆ ಜಿ ಶಾರ್ಪನ್ನು, ಸಾ ಅಂತ ಹಿಡಿದರೆ ಮಧ್ಯಮಾವತಿಯ ಸ್ವರಗಳು ಸಿಗುತ್ತವೆ. ನಾಲ್ಕೂವರೆ ಮನೆಯ ಎಫ್ ಶಾರ್ಪ್ ಸಾ ಆದರೆ ಮೋಹನ. ಆರೂವರೆಯ ಎ ಶಾರ್ಪ್ ಆದರೆ ಹಿಂದೋಳ. ಕರ್ನಾಟಕ ಸಂಗೀತ ಕಲಿತವರು ಇದನ್ನು ಗ್ರಹಭೇದ ಅಂತ ಕೂಡಲೇ ಗುರುತಿಸುತ್ತಾರೆ.

ಪ್ರೀಮೊ ನುಡಿಸುವ ಮಟ್ಟು ಉದ್ದಕ್ಕೂ ಅದೇ. ಕೈ ಜಾಗ ಬಿಟ್ಟು ಅಲ್ಲಾಡಲ್ಲ. ಕೆಳಗೆ ಸೆಕೊಂಡೊ ಹಿಡಿದ ಶ್ರುತಿ ಮಾತ್ರ ಜರುಗುತ್ತೆ. ಮೊದಲ ಭಾಗದಲ್ಲಿ ಜಿ ಶಾರ್ಪ್ ಮತ್ತು ಅದರ ಪಂಚಮ, ಆಮೇಲೆ ಎಫ್ ಶಾರ್ಪ್ ಮತ್ತು ಅದರ ಪಂಚಮ. ಹಿಂದೋಳದಲ್ಲಿ ಪಂಚಮ ಇಲ್ಲ, ಹಾಗಾಗಿ ಕೊನೆಗೆ ಎ ಶಾರ್ಪ್ ಜೊತೆ ಮಧ್ಯಮ. ಅಷ್ಟೇ ಮಾಡಿದ್ದು. ಮೇಲಿನ ಮಟ್ಟಿಗೆ ಬೆಳಗು ಹೋಗಿ ಸಂಜೆ ಬರುತ್ತೆ. ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಇಲ್ಲದೆ ಇದು ರಾಗ ಅಲ್ಲ, ರಾಗದ ಸ್ವರಗಳು ಮಾತ್ರ. ಪಿಯಾನೊದಿಂದ ಗಮಕ ಹೊರಡಿಸಲು ಹೋಗಬಾರದು ಅಂತ ನನ್ನ ಅಭಿಪ್ರಾಯ.

ನನಗೆ ತುಂಬ ಖುಷಿ ಕೊಟ್ಟ ವಿಷಯ ಇನ್ನೊಂದಿದೆ. ಇಲ್ಲಿ ಚಿಕ್ಕ ಮಗು ಸೆಕೊಂಡೊದಲ್ಲಿ ಕೂರುತ್ತೆ. ಡಯಾಬೆಲ್ಲಿಯ ಹೆಸರಾಂತ ಜೋಡಿ ಪಾಠಗಳಲ್ಲಿ, ಓಪಸ್ 149ರಲ್ಲಿ, ಶಿಷ್ಯ ಮೇಲಿನ ಭಾಗದಲ್ಲಿ ಐದು ಸ್ವರದ ಒಳಗೇ ಇರುತ್ತಾನೆ, ಕೆಳಗೆ ಗುರು ಸಂಗೀತ ತುಂಬುತ್ತಾನೆ. ಒಳ್ಳೆಯ ಪಾಠಗಳೇ. ಆದರೆ ಮಗು ಯಾವಾಗಲೂ ಮೇಲೇ ಯಾಕಿರಬೇಕು? ಸ್ಟ್ರಾವಿನ್ಸ್ಕಿ 1915ರಲ್ಲಿ ಕೆಳಭಾಗ ಸುಲಭವಾಗಿರುವ ಮೂರು ತುಣುಕು ಬರೆದ, 1917ರಲ್ಲಿ ಮೇಲ್ಭಾಗ ಸುಲಭವಾಗಿರುವ ಐದು. ಆ ಸಮಾನತೆ ನನಗೆ ಇಷ್ಟ. ‘ಬಯಲು’ ನುಡಿಸುವಾಗ ಪಾಠ ಶುರು ಮಾಡಿ ಕೆಲವೇ ತಿಂಗಳಾದ ತಮ್ಮ ಎರಡು ಕೀ ಜರುಗಿಸುತ್ತಾನೆ, ಅಕ್ಕ ನುಡಿಸುತ್ತಿರುವ ಮಟ್ಟು ಪೂರಾ ಬೇರೆಯಾಗಿ ಕೇಳುತ್ತೆ. ಅಕ್ಕ ತಿರುಗಿ ಅವನ ಕೈ ನೋಡಿದಳು.

ಜುಲೈ

ಈ ತಿಂಗಳು ಪೂರ್ತಿ ಜೋಗಕ್ಕೇ ಹೋಯಿತು. ಹೋಗಲೇಬೇಕಿತ್ತು.

ಶರಾವತಿ 253 ಮೀಟರ್ ಕೆಳಗೆ ಬೀಳುವಾಗ ನಾಲ್ಕಾಗಿ ಬೀಳುತ್ತಾಳೆ: ರಾಜ, ರಾಣಿ, ರೋರರ್, ರಾಕೆಟ್. ಜೋಡಿ ಪಿಯಾನೊದಲ್ಲಿ ಕೈಗಳೂ ನಾಲ್ಕು. ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಸಿಗಲ್ಲ, ಅಲ್ವಾ? ನಾಲ್ಕರ ನಡಿಗೆಯೂ ಬೇರೆ ಬೇರೆ. ರಾಜ ಎಲ್ಲೂ ತಡೆಯಿಲ್ಲದೆ ನೇರ ಇಳಿಯುತ್ತೆ. ರೋರರ್ ಬಂಡೆಗೆ ಬಡಿದು ಸದ್ದು ಮಾಡುತ್ತ ಬರುತ್ತೆ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತೆ. ರಾಣಿ ನೊರೆಯಾಗಿ ಮೆಲ್ಲಗೆ ಜಾರುತ್ತೆ.

ಹಾಗಾಗಿ ಹಂಚಿಕೆ ಹೀಗೆ. ಸೆಕೊಂಡೊ ಎಡಗೈ ರಾಜ: ನಡು ಸಿ ಇಂದ ಶುರುವಾಗಿ ಒಂದೊಂದೇ ಸ್ವರ ಕೆಳಗಿಳಿಯುತ್ತೆ, ನಾಲ್ಕು ಬಾರ್ (ತಾಳದ ಆವರ್ತ) ಎಲ್ಲೂ ಕಡಿಯದ ಲೆಗಾಟೊ. ಬೆರಳುಗಳ ಕೆಳಗಿಂದ ಹೆಬ್ಬೆರಳು ದಾಟಿಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಡ. ಸೆಕೊಂಡೊ ಬಲಗೈ ರೋರರ್: ಎರಡು ಮೆಟ್ಟಿಲು ಕೆಳಗೆ, ಒಂದು ಮೇಲೆ, ಮತ್ತೆ ಎರಡು ಕೆಳಗೆ. ಪ್ರೀಮೊ ಬಲಗೈ ರಾಕೆಟ್: ಮೂರು ಮೂರು ಚುಟುಕು ಸ್ವರ, ನಡುವೆ ವಿರಾಮ. ಪ್ರೀಮೊ ಎಡಗೈ ರಾಣಿ: ಎರಡೆರಡು ಸ್ವರ ಕೂಡಿಸಿ ನುಡಿಸುವ ಸ್ಲರ್, ಮೊದಲನೆಯದಕ್ಕೆ ಭಾರ, ಎರಡನೆಯದು ಹಗುರ.

ಮೊದಲು ಒಬ್ಬೊಬ್ಬರಾಗಿ ಒಂದೇ ಕೈಯಲ್ಲಿ ನುಡಿಸುತ್ತಾರೆ. ಆಮೇಲೆ ಎರಡು, ಮೂರು. ನದಿ ತುಂಬಿ ಬಂದಾಗ ಯಾವುದು ರಾಜ ಯಾವುದು ರಾಣಿ ಅಂತ ಬೇರೆ ಮಾಡೋದು ಕಷ್ಟ. ಆದ್ದರಿಂದ ನಡುಭಾಗದಲ್ಲಿ ನಾಲ್ಕೂ ಕೈ ಒಂದೇ ಇಳಿಕೆಯನ್ನು ನಾಲ್ಕು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಸುತ್ತವೆ. ಮಕ್ಕಳು ಈ ಜಾಗ ಬಂದರೆ ಕುರ್ಚಿಯಿಂದ ಎದ್ದೇ ನಿಲ್ಲುತ್ತಾರೆ.

ತಿಂಗಳ ಕೊನೆಗೆ ಒಂದು ಯೋಚನೆ ಬಂತು. ಇಡೀ ಗುಚ್ಛದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗದ ನೀರು ಬಹುಪಾಲು ಮೇಲೇ ನಿಲ್ಲುತ್ತೆ. ಬೇಸಿಗೆಯಲ್ಲಿ ಹೋದರೆ ಕಲ್ಲುಗೋಡೆ, ಅದರ ಮೇಲೆ ಎಳೆ ಎಳೆ ನೀರು. ಸರಿ, ಜೋಗಕ್ಕೆ ಎರಡು ರೂಪ ಇರಲಿ ಅಂದುಕೊಂಡೆ. ‘ಬೇಸಿಗೆ ಜೋಗ’ ಅಂದರೆ ಅದೇ ತುಣುಕು, ಅಷ್ಟೇ ಬಾರ್‌ಗಳು, ಆದರೆ ಮುಕ್ಕಾಲು ಪಾಲು ಸ್ವರ ತೆಗೆದದ್ದು. ಇಳಿಕೆಯಲ್ಲಿ ಎಂಟು ಸ್ವರ ಇದ್ದಲ್ಲಿ ಎರಡು ಉಳಿಯುತ್ತೆ. ಅದನ್ನು ಒಂದನೇ ಗ್ರೇಡಿನ ಮಗು ಆರಾಮಾಗಿ ನುಡಿಸುತ್ತೆ. ಮೂರನೇ ಗ್ರೇಡಿಗೆ ಬಂದಾಗ ಅದೇ ಮಗು ‘ಮಳೆಗಾಲದ ಜೋಗ’ ಹಿಡಿಯುತ್ತೆ. ಎಲುಬು ಆಗಲೇ ಗೊತ್ತಿರುತ್ತೆ, ನೀರು ತುಂಬಬೇಕಷ್ಟೆ. ಸುಲಭದ ಆವೃತ್ತಿ ಅಂದರೆ ಕಡಿಮೆ ದರ್ಜೆಯದ್ದು ಅಂತ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರಲ್ಲ, ಇಲ್ಲಿ ಆ ಮಾತೇ ಬರಲ್ಲ. ಬೇಸಿಗೆಯೂ ಜೋಗವೇ.

ಆಗಸ್ಟ್

ಕೀಬೋರ್ಡ್ ಬಗ್ಗೆ ಒಂದು ಟಿಪ್ಪಣಿ. ನನ್ನ ಹತ್ತಿರ ಬರುವ ಹೆಚ್ಚಿನ ಮಕ್ಕಳ ಮನೆಯಲ್ಲಿರೋದು 61 ಕೀಗಳ ಕೀಬೋರ್ಡ್. ಪಿಯಾನೊದ 88 ಕೀಗಳ ಅಗಲ ಸುಮಾರು 122 ಸೆಂಟಿಮೀಟರ್. 61 ಕೀಗಳದ್ದು 85 ಸೆಂಟಿಮೀಟರ್ ಮುಟ್ಟಲ್ಲ. ಅಷ್ಟರಲ್ಲಿ ಇಬ್ಬರು ಮಕ್ಕಳು, ನಾಲ್ಕು ಮೊಣಕೈ. ಅದಕ್ಕೆ ಐದೂ ತುಣುಕು ಐದು ಸ್ಥಾಯಿಯೊಳಗೇ ಮುಗಿಯಬೇಕು ಅಂತ ಗಡಿ ಹಾಕಿಕೊಂಡಿದ್ದೇನೆ. ಪೆಡಲ್ ಇಲ್ಲದೆಯೂ ನಡೆಯಬೇಕು. ಜೋಡಿ ನುಡಿಕೆಯಲ್ಲಿ ಪೆಡಲ್ ಸಾಮಾನ್ಯವಾಗಿ ಸೆಕೊಂಡೊದವರ ಕೆಲಸ, ನಮ್ಮಲ್ಲಿ ಸೆಕೊಂಡೊದವರ ಕಾಲು ನೆಲ ಮುಟ್ಟಲ್ಲ.

‘ಆಗುಂಬೆ’ ಮುಗಿಯಿತು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಮಳೆಗೆ ಒಂದೇ ಸ್ವರವನ್ನು ಪಟಪಟ ಹೊಡೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಮನೆಗಳಲ್ಲಿರುವ ಅಪ್‌ರೈಟ್ ಪಿಯಾನೊದಲ್ಲಿ ಕೀ ಹೆಚ್ಚುಕಡಿಮೆ ಪೂರ್ತಿ ಮೇಲೆ ಬರದೆ ಮತ್ತೆ ಸರಿಯಾಗಿ ಹೊಡೆಯಲ್ಲ. ಗ್ರ್ಯಾಂಡ್ ಪಿಯಾನೊದಲ್ಲಿ ಅದಕ್ಕೆ ಬೇರೆ ಸನ್ನೆಗೋಲು ಇದೆ, ಪಿಯಾನೊ ತಯಾರಕ ಎರಾರ್ 1821ರಲ್ಲಿ ತಂದದ್ದು. ಹಾಗಾಗಿ ಹನಿಗಳನ್ನು ನಾಲ್ಕು ಕೈಗೆ ಹಂಚಿದೆ. ಯಾವ ಕೈಯೂ ಒಂದೇ ಕೀಯನ್ನು ಬೆನ್ನುಬೆನ್ನಿಗೆ ಹೊಡೆಯಲ್ಲ. ಕೇಳುವವರಿಗೆ ಮಾತ್ರ ಎಡೆಬಿಡದ ಮಳೆ.

ಸ್ವರಗಳು ಅಮೃತವರ್ಷಿಣಿಯವು: ಸಿ, ಇ, ಎಫ್ ಶಾರ್ಪ್, ಜಿ, ಬಿ. ತಾಳ ಏಳು, ಮಿಶ್ರ ಚಾಪು. ‘ತಕಿಟ ತಕಧಿಮಿ’ ಅಂತ ಬಾಯಲ್ಲಿ ಹೇಳಿಸಿಬಿಟ್ಟರೆ ಸೆವೆನ್ ಎಯ್ಟ್ ಅಂತ ವಿವರಿಸುವ ಕೆಲಸವೇ ಇಲ್ಲ. ಭರತನಾಟ್ಯಕ್ಕೆ ಹೋಗುವ ಹುಡುಗಿಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅಂತಾರಲ್ಲ, ಕೊನೆಯ ಸಾಲಿನಲ್ಲಿ ಪ್ರೀಮೊ ಕೈ ತೆಗೆದ ಮೇಲೂ ಸೆಕೊಂಡೊದ ಹನಿಗಳು ಅಲ್ಲೊಂದು ಇಲ್ಲೊಂದು ಬೀಳುತ್ತವೆ.

ಸೆಪ್ಟೆಂಬರ್

‘ಹಂಪಿ’ ಬಹಳ ದಿನ ಕಾಡಿಸಿತು. ಹಂಪಿ ಅಂದ ತಕ್ಷಣ ಎಲ್ಲರೂ ವಿಠ್ಠಲ ದೇವಸ್ಥಾನದ ಸಂಗೀತದ ಕಂಬ ಅಂತಾರೆ. ನನಗೆ ಬೇಕಿದ್ದದ್ದು ಅದಲ್ಲ, ಅಲ್ಲಿನ ಬಂಡೆ. ಒಂದರ ಮೇಲೊಂದು ಕೂತ ಆ ಗುಂಡುಗಳನ್ನು ಯಾರೂ ತಂದು ಇಟ್ಟದ್ದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ಮೊದಲು ಇಡಿಯಾಗಿತ್ತು. ಬಿರುಕುಗಳಿಗೆ ನೀರಿಳಿದು, ಅಂಚು ಸವೆದು, ಪುಡಿಯಾದದ್ದು ಕೊಚ್ಚಿಹೋಗಿ ಉಳಿದದ್ದು ಗುಂಡು. ಅಂದರೆ ಹಂಪಿ ಕಟ್ಟಿದ್ದರಿಂದ ಆದದ್ದಲ್ಲ, ಕಳೆದದ್ದರಿಂದ ಆದದ್ದು.

ಇದು ತಿಳಿದ ಮೇಲೆ ತುಣುಕು ಬೇಗ ಬಂತು. ಮಗು ಐದೂ ಬೆರಳನ್ನು ಪಕ್ಕಪಕ್ಕದ ಐದು ಬಿಳಿ ಕೀಗಳ ಮೇಲೆ ಒಟ್ಟಿಗೆ ಒತ್ತುತ್ತೆ: ಸಿ, ಡಿ, ಇ, ಎಫ್, ಜಿ. ಒರಟು, ಗಟ್ಟಿ ಸದ್ದು. ಉಳಿದ ಬೆರಳು ಒತ್ತಿಕೊಂಡೇ ಇರುವಾಗ ತೋರುಬೆರಳನ್ನು ಮಾತ್ರ ಎತ್ತುತ್ತೆ, ಡಿ ಹೋಯಿತು. ಆಮೇಲೆ ಉಂಗುರದ ಬೆರಳು, ಎಫ್ ಹೋಯಿತು. ಉಳಿದದ್ದು ಸಿ ಮೇಜರ್, ತಿಳಿಯಾಗಿ. ಕೊನೆಗೆ ನಡುಬೆರಳು. ಈಗ ಸಿ ಮತ್ತು ಜಿ ಎರಡೇ, ಸಾ ಮತ್ತು ಪಾ.

ಉಂಗುರದ ಬೆರಳನ್ನು ಮಾತ್ರ ಎತ್ತುವುದು ಎಷ್ಟು ಕಷ್ಟ ಅಂತ ಮೇಜಿನ ಮೇಲೆ ಕೈಯಿಟ್ಟು ನೋಡಿ. ಅಕ್ಕಪಕ್ಕದ ಬೆರಳು ಜೊತೆಗೇ ಏಳುತ್ತವೆ. ಬೆರಳು ಬಿಡಿಸುವ ವ್ಯಾಯಾಮ ಅಂತ ಕೊಟ್ಟರೆ ಯಾವ ಮಗುವೂ ಎರಡನೇ ಸಲ ಮಾಡಲ್ಲ. ಬಂಡೆ ಸವೆಸಬೇಕು ಅಂದರೆ ಉಸಿರು ಬಿಗಿಹಿಡಿದು ಮಾಡುತ್ತಾರೆ. ಎರಡನೇ ಗ್ರೇಡಿನ ಹುಡುಗನೊಬ್ಬ ಎಫ್ ನಿಂತ ಕ್ಷಣ ಕಿವಿಯನ್ನು ಕೀಗಳ ಹತ್ತಿರ ತಂದು ಕೇಳಿಸಿಕೊಂಡ. ‘ಮಿಸ್, ಒಳಗಡೆ ಇತ್ತು ಇದು!’ ಅಂದ. ಸಿ ಮೇಜರ್ ಒಳಗಡೆ ಇತ್ತು ಅಂತ. ನಿಜ, ಇತ್ತು.

ಇಬ್ಬರೂ ಒಟ್ಟಿಗೆ ಸವೆಸಲ್ಲ. ಒಬ್ಬರು ಎತ್ತುವಾಗ ಇನ್ನೊಬ್ಬರು ಹಿಡಿದಿರುತ್ತಾರೆ. ನಡುವೆ ಪೂರ್ತಿ ಬಾರ್‌ಗಳ ಮೌನ ಇದೆ, ಅದನ್ನು ಎಣಿಸುವುದೇ ಮೂರನೇ ಗ್ರೇಡಿನ ಪಾಠ.

ಅಕ್ಟೋಬರ್

ದಸರಾ. ತರಗತಿ ಇಲ್ಲ, ಬರೆದದ್ದೂ ಕಡಿಮೆ. ಅರಮನೆ ಕಡೆ ಹೋದಾಗಲೆಲ್ಲ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಪಿಯಾನೊ ನುಡಿಸುತ್ತಿದ್ದ ಮಹಾರಾಜರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ಮೆಟ್ನರ್ ಮುಪ್ಪಿನಲ್ಲಿ ತನ್ನ ಸಂಗೀತವನ್ನು ರೆಕಾರ್ಡ್ ಮಾಡಲು ಸಾಧ್ಯವಾದದ್ದು ಇವರ ಹಣದಿಂದ. ಅವನು ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಇವರಿಗೆ ಅರ್ಪಿಸಿದ. ಇದೇ ಒಡೆಯರ್ ಆಮೇಲೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಪಿಯಾನೊ ಮೇಲೆ ಮಧ್ಯಮಾವತಿ ಯಾಕೆ ಅಂತ ಕೇಳುವವರಿಗೆ ಈ ಊರಿನಲ್ಲಿ ನಿಂತು ನಾನು ಬೇರೆ ಉತ್ತರ ಹುಡುಕಬೇಕಿಲ್ಲ.

ನವೆಂಬರ್

ಕೊನೆಯದು ‘ಅಳಿವೆ’. ಮಂಗಳೂರಿನಲ್ಲಿ ನೇತ್ರಾವತಿ ಪೂರ್ವದಿಂದ ಬರುತ್ತಾಳೆ. ಗುರುಪುರ ನದಿ ಉತ್ತರದಿಂದ, ಬೆಂಗ್ರೆಯ ಮರಳುದಿಬ್ಬದ ಹಿಂದೆ ಕಡಲಿನ ಪಕ್ಕದಲ್ಲೇ ಹರಿದು ಬರುತ್ತೆ. ಎರಡೂ ಒಂದೇ ಬಾಯಿಂದ ಕಡಲಿಗೆ. ಅಲ್ಲಿಗೆ ದಿನಕ್ಕೆರಡು ಸಲ ಉಬ್ಬರದ ಉಪ್ಪುನೀರು ಒಳಗೂ ನುಗ್ಗುತ್ತೆ.

ಜೋಡಿ ನುಡಿಕೆಯ ದೊಡ್ಡ ತಲೆನೋವು ನಡುವಿನ ಕೈಗಳು. ಸೆಕೊಂಡೊದ ಬಲಗೈ, ಪ್ರೀಮೊದ ಎಡಗೈ ಒಂದಕ್ಕೊಂದು ಅಡ್ಡ ಬರುತ್ತವೆ. ಬರೆಯುವವರು ಅವನ್ನು ದೂರ ಇಡಲು ಒದ್ದಾಡುತ್ತಾರೆ. ‘ಅಳಿವೆ’ಯಲ್ಲಿ ನಾನು ಅವನ್ನು ಬೇಕಂತಲೇ ಒಂದೇ ಜಾಗಕ್ಕೆ ಕಳಿಸಿದ್ದೇನೆ. ಎರಡು ಮಟ್ಟು ಎರಡು ಕಡೆಯಿಂದ ಹೊರಟು ನಡು ಡಿ ಹತ್ತಿರ ಸೇರುತ್ತವೆ, ಆಮೇಲೆ ಆ ಒಂದೇ ಕೀಯನ್ನು ಇಬ್ಬರೂ ಸರದಿಯಲ್ಲಿ ನುಡಿಸುತ್ತಾರೆ. ಉಬ್ಬರದ ಭಾಗದಲ್ಲಿ ಸೆಕೊಂಡೊದ ಬಲಗೈ ಪ್ರೀಮೊದ ಜಾಗಕ್ಕೇ ಏರಿ ಹೋಗಿ ಹಿಂದೆ ಬರುತ್ತೆ.

ಮಕ್ಕಳ ಜೊತೆ ಕೂತು ನೋಡಿ ಕೆಲವು ಕಟ್ಟಳೆ ಗೊತ್ತು ಮಾಡಿದೆವು. ಸೆಕೊಂಡೊ ಬಲಗೈ ಒಳಗೆ, ಕಪ್ಪು ಕೀಗಳ ಮಗ್ಗುಲಲ್ಲಿ, ಬೆರಳು ಎತ್ತರ. ಪ್ರೀಮೊ ಎಡಗೈ ಹೊರಗೆ, ಕೀಯ ತುದಿಯಲ್ಲಿ, ಮಣಿಕಟ್ಟು ತಗ್ಗು. ಬಿಡುವವರು ಅರ್ಧ ಬೀಟ್ ಮುಂಚೆ ಬಿಡಬೇಕು, ಬರುವವರು ಕಾಯಬಾರದು. ಅಣ್ಣತಮ್ಮಂದಿರ ಜೋಡಿಗಿಂತ ಪರಿಚಯ ಇಲ್ಲದ ಇಬ್ಬರು ಮಕ್ಕಳು ಇದನ್ನು ಬೇಗ ಕಲಿತರು. ಒಬ್ಬರಿಗೊಬ್ಬರು ಜಾಗ ಬಿಡುತ್ತಾರೆ.

ಸ್ವರಲಿಪಿ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್‌ನಲ್ಲಿ ನಾಲ್ಕು ತುಣುಕಿನ ಅಚ್ಚು ಸಿದ್ಧ. ಎಡಪುಟ ಸೆಕೊಂಡೊ, ಬಲಪುಟ ಪ್ರೀಮೊ, ನುಡಿಸುತ್ತ ಹಾಳೆ ತಿರುಗಿಸುವ ಹಾಗಿಲ್ಲದಂತೆ ಒಂದೊಂದನ್ನೂ ಎರಡೇ ಪುಟದಲ್ಲಿ ಕೂರಿಸಿದ್ದೇನೆ. ‘ಅಳಿವೆ’ಗೆ ಬೆರಳಂಕಿ ಹಾಕುವುದು ಬಾಕಿ. ಇಬ್ಬರ ಬೆರಳೂ ಒಂದೇ ಕೀಗೆ ಬರುವ ಕಡೆ ಅಂಕಿಗಳು ಎರಡೂ ಪುಟದಲ್ಲಿ ಕಾಣಬೇಕು, ಇಲ್ಲಾಂದ್ರೆ ಪಕ್ಕದವರು ಯಾವ ಬೆರಳಲ್ಲಿ ಬರುತ್ತಾರೆ ಅಂತ ಗೊತ್ತಾಗಲ್ಲ. ಪಕ್ಕದವರದ್ದನ್ನು ಸಣ್ಣ ಅಕ್ಷರದಲ್ಲಿ ಹಾಕಿ ಪ್ರಿಂಟ್ ತೆಗೆದಿದ್ದೇನೆ. ಡಿಸೆಂಬರ್ ಮೊದಲ ವಾರದ ತರಗತಿಗೆ ಅದನ್ನೇ ಇಡುತ್ತೇನೆ.