ಹಾರೈಜನ್ಸ್ ಇದ್ದ ಜಾಗ ನೋಡಲು ಹೋಗಿದ್ದೆ

ಫ್ಲೋರಿಡಾದ ಆರ್ಲ್ಯಾಂಡೋದಲ್ಲಿ ಡಿಸ್ನಿಯ ದೊಡ್ಡ ಪಾರ್ಕುಗಳು ನಾಲ್ಕಿವೆ. ಮಗಳು ಅಲ್ಲೇ ಗೇನ್ಸ್‌ವಿಲ್‌ನಲ್ಲಿ ಎಂಎಸ್ ಮಾಡುತ್ತಿದ್ದಾಳೆ. ನಾನೂ ನನ್ನ ಹೆಂಡತಿಯೂ ಹೋದಾಗ ಅದರಲ್ಲೊಂದಾದ ಎಪ್ಕಾಟ್‌ಗೆ ಒಂದು ದಿನ ಪೂರ್ತಿ ಬೇಕು ಅಂತ ಹಟ ಹಿಡಿದೆ. "ಅಪ್ಪಾ, ನೀನು ಹೇಳೋ ರೈಡ್ ಅಲ್ಲಿ ಇಲ್ವಲ್ಲ" ಅಂದಳು. ಇಲ್ಲ ಅಂತ ನನಗೂ ಗೊತ್ತಿತ್ತು. ಆದರೂ ಆ ಜಾಗ ನೋಡಬೇಕಿತ್ತು.

ಆ ರೈಡಿನ ಹೆಸರು ಹಾರೈಜನ್ಸ್. ಎಪ್ಕಾಟ್ ಬಾಗಿಲು ತೆರೆದು ಸರಿಯಾಗಿ ಒಂದು ವರ್ಷಕ್ಕೆ, ಅಂದರೆ 1983ರ ಅಕ್ಟೋಬರ್ 1ರಂದು ಶುರುವಾಗಿದ್ದು. ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿ ಪ್ರಾಯೋಜಕರು. ಮುಂದಿನ ಶತಮಾನದಲ್ಲಿ ಜನ ಹೇಗೆ ಬದುಕುತ್ತಾರೆ ಅನ್ನೋದು ಅದರ ಕಥೆ. ನಾನು ನೋಡಿದ್ದು 1998ರಲ್ಲಿ. 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪದ ಹಾಗೆ ಸರಿಮಾಡುವ ವೈಟುಕೆ ಕೆಲಸಕ್ಕೆ ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ಹುಡುಗರಲ್ಲಿ ನಾನೂ ಒಬ್ಬ. ಟ್ಯಾಂಪಾದಲ್ಲಿ ಸ್ನೇಹಿತರೆಲ್ಲ ಒಂದೇ ಅಪಾರ್ಟ್‌ಮೆಂಟಿನಲ್ಲಿ ಅನ್ನ ಸಾರು ಮಾಡಿಕೊಂಡು ಇದ್ದೆವು, ಶನಿವಾರ ಬಂದರೆ ಹಳೇ ಟೊಯೋಟಾ ಹತ್ತಿ ಆರ್ಲ್ಯಾಂಡೋ ಕಡೆ.

ಎದೆ ಝಲ್ ಅನ್ನಿಸುವ ರೈಡ್ ಅಲ್ಲ ಅದು. ಗಾಡಿ ಮೇಲಿನ ಹಳಿಗೆ ನೇತುಹಾಕಿಕೊಂಡು, ಪಕ್ಕಕ್ಕೆ ಮುಖ ಮಾಡಿ, ನಿಧಾನಕ್ಕೆ ಸಾಗುತ್ತಿತ್ತು. ಹದಿನೈದು ನಿಮಿಷ ತಂಪಾಗಿ ಕೂತಿರಬಹುದು, ಫ್ಲೋರಿಡಾದ ಆ ಸೆಕೆಯಲ್ಲಿ ಅದೇ ದೊಡ್ಡ ಪುಣ್ಯ. ಮೊದಲು ಹಳೇ ಕಾಲದವರು ಭವಿಷ್ಯವನ್ನು ಹೇಗೆ ಊಹಿಸಿದ್ದರು ಅಂತ ತೋರಿಸುತ್ತಿದ್ದರು: ತೋಪಿನ ಗುಂಡಿನಂಥ ಡಬ್ಬಿಯಲ್ಲಿ ಚಂದ್ರನಿಗೆ ಹೊರಟವರು, ಅಡುಗೆ ಮಾಡುವ ರೋಬೋ, ಇಂಥವು. ಆಮೇಲೆ ತಲೆ ಮೇಲೆ ಕವಿದುಕೊಂಡ ಹಾಗಿದ್ದ ಭಾರಿ ಪರದೆ. ಅದರ ನಂತರ ನಿಜವಾದ ನಾಳೆ.

ಮರುಭೂಮಿಯಲ್ಲಿ ಕಿತ್ತಳೆ ತೋಟ ಮಾಡಿದ ಒಂದು ದೃಶ್ಯವಿತ್ತು. ಒಬ್ಬ ಹೆಂಗಸು ಕೂತಲ್ಲೇ ಯಂತ್ರಗಳಿಂದ ಕೊಯ್ಲು ಮಾಡಿಸುತ್ತಾಳೆ. ಗಾಡಿ ಅಲ್ಲಿಗೆ ಬಂದ ಕೂಡಲೇ ಕಿತ್ತಳೆ ವಾಸನೆ ಬರುತ್ತಿತ್ತು, ಕೊಡಗಿನ ಕಿತ್ತಳೆ ಸಿಪ್ಪೆಗೆ ಉಗುರು ತಾಗಿಸಿದಾಗ ಬರುತ್ತದಲ್ಲ, ಹಾಗೇ. ಯಂತ್ರದಿಂದ ಬಿಡುವ ವಾಸನೆ ಅಂತ ಗೊತ್ತಿದ್ದರೂ ನಾವೆಲ್ಲ ಮೂಗೆಳೆದುಕೊಳ್ಳುತ್ತಿದ್ದೆವು.

ನನಗೆ ಜಾಸ್ತಿ ನಾಟಿದ್ದು ಅದಲ್ಲ. ಬಾಹ್ಯಾಕಾಶದ ಮನೆಯಲ್ಲಿ ಒಂದು ಮಗುವಿನ ಹುಟ್ಟುಹಬ್ಬ, ದೂರದೂರ ಇರುವ ಮನೆಯವರು ಮುಖ ತೋರಿಸಿಕೊಂಡು ಅದರಲ್ಲಿ ಸೇರುತ್ತಾರೆ. ಆಗ ನಾನು ನಮ್ಮೂರು ಸಾಗರಕ್ಕೆ ಫೋನ್ ಮಾಡಬೇಕಾದರೆ ಅಂಗಡಿಯಿಂದ ಕಾರ್ಡ್ ತಂದು, ನಾಣ್ಯದಿಂದ ಗೀಚಿ, ಉದ್ದದ ನಂಬರ್ ಒತ್ತಬೇಕಿತ್ತು. ಅಮ್ಮ ಪಕ್ಕದ ಮನೆಗೆ ಓಡಿ ಬರುವಷ್ಟರಲ್ಲಿ ಅರ್ಧ ಕಾರ್ಡ್ ಖಾಲಿ, ಬಂದವಳು ಊಟ ಆಯ್ತಾ ಅಂತ ಕೇಳುವಷ್ಟರಲ್ಲಿ ಉಳಿದದ್ದೂ ಖಾಲಿ. ಆ ಹುಟ್ಟುಹಬ್ಬ ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಯಲ್ಲಿ ಗಾಡಿಯಲ್ಲಿರುವ ಬಟನ್ ಒತ್ತಿ ವಾಪಸ್ ಬರುವ ದಾರಿ ಆರಿಸಬೇಕು: ಬಾಹ್ಯಾಕಾಶ, ಮರುಭೂಮಿ ಅಥವಾ ಸಮುದ್ರ. ಜಾಸ್ತಿ ಜನ ಒತ್ತಿದ್ದರದ್ದು ಸಿನಿಮಾ ಬರುತ್ತಿತ್ತು. ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ, ದೊಡ್ಡ ದೊಡ್ಡ ಮಾದರಿ ಕಟ್ಟಿ ಕ್ಯಾಮೆರಾ ಓಡಿಸಿ ತೆಗೆದದ್ದು. ನಮ್ಮ ಗುಂಪಿನಲ್ಲಿ ಎಲ್ಲರೂ ಬಾಹ್ಯಾಕಾಶದ ಪಕ್ಷ. ನಾನೊಬ್ಬ ಸಮುದ್ರ ಅಂತ ಒತ್ತಿ ಒತ್ತಿ ಸೋತೆ.

1993ರಲ್ಲಿ ಜಿಇ ಪ್ರಾಯೋಜನೆ ಬಿಟ್ಟಿತು, 1994ರ ಕೊನೆಗೆ ರೈಡ್ ಮುಚ್ಚಿತು. ಅಕ್ಕಪಕ್ಕದ ರೈಡುಗಳು ದುರಸ್ತಿಗೆ ನಿಲ್ಲುವಾಗ ಜನಕ್ಕೆ ಏನಾದರೂ ಇರಲಿ ಅಂತ ಮರುವರ್ಷ ಮತ್ತೆ ತೆರೆದರು. ನನಗೆ ಸಿಕ್ಕಿದ್ದು ಹೀಗೆ ಉಳಿದ ಕಾಲ. 1999ರ ಜನವರಿ 9ಕ್ಕೆ ಪೂರ್ತಿ ಮುಚ್ಚಿ, ಆಮೇಲೆ ಕಟ್ಟಡವನ್ನೂ ಕೆಡವಿದರು.

ಈಗ ಅಲ್ಲಿರೋದು 2003ರಲ್ಲಿ ಬಂದ ಮಿಷನ್ ಸ್ಪೇಸ್. ನಾಲ್ಕು ಜನರ ಕ್ಯಾಪ್ಸೂಲಿನಲ್ಲಿ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಟ್ಟು, ಗರಗರ ತಿರುಗಿಸಿ ರಾಕೆಟ್ ಏರಿದ ಹಾಗೆ ಮಾಡುತ್ತಾರೆ. ವಾಂತಿ ಚೀಲವನ್ನೂ ಇಟ್ಟಿರುತ್ತಾರೆ. ಅದನ್ನು ನೋಡಿದ ನನ್ನ ಹೆಂಡತಿ "ರೀ, ತಿರುಗದೇ ಇರೋದು ಇದೆಯಂತೆ, ಅದಕ್ಕೆ ಹೋಗೋಣ" ಅಂದಳು. ಇದೆ, ಹಸಿರು ಅಂತ ಬೋರ್ಡ್ ಹಾಕಿರುತ್ತಾರೆ. ಅದಕ್ಕೇ ಹೋದೆವು. ಚೆನ್ನಾಗಿದೆ, ಬೇಡ ಅನ್ನೋಲ್ಲ. ಆದರೆ ಇದು ನಿಮ್ಮನ್ನು ಗಗನಯಾತ್ರಿ ಮಾಡುತ್ತದೆ, ಅಷ್ಟೇ. ಹಾರೈಜನ್ಸ್‌ನಲ್ಲಿ ಅಜ್ಜ ಅಜ್ಜಿ, ಅಡುಗೆಮನೆ, ಮಕ್ಕಳು, ಒಂದು ಇಡೀ ಸಂಸಾರ ಇತ್ತು.

ಕ್ಯೂನಲ್ಲಿ ಎದ್ದು ಕಾಣುವ ದೊಡ್ಡ ಚಕ್ರವೊಂದಿದೆ. ಅದರ ನಡುಮಧ್ಯಕ್ಕೆ ಹಾರೈಜನ್ಸಿನ ಹಳೇ ಲಾಂಛನ ಕೂರಿಸಿದ್ದಾರೆ. ನಾನು ಮಗಳಿಗೆ ತೋರಿಸುತ್ತಾ ನಿಂತೆ, ಹಿಂದಿದ್ದವರು ಮುಂದೆ ಹೋಗಿ ಅಂತ ಸನ್ನೆ ಮಾಡಿದರು.

ಮಾರನೇ ದಿನ ಡಿಸ್ನಿಯ ಇನ್ನೊಂದು ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕರೋಸೆಲ್ ಆಫ್ ಪ್ರೋಗ್ರೆಸ್ ಅನ್ನೋ ಪ್ರದರ್ಶನ ನೋಡಿದೆವು. 1964ರ ನ್ಯೂಯಾರ್ಕ್ ಮೇಳಕ್ಕೆ ಇದೇ ಜಿಇಗಾಗಿ ಮಾಡಿದ್ದು. ಹಾರೈಜನ್ಸ್ ಅದರ ಮುಂದುವರಿದ ಭಾಗ ಅನ್ನೋದುಂಟು. ವೇದಿಕೆ ಸುತ್ತ ಪ್ರೇಕ್ಷಕರೇ ತಿರುಗುತ್ತಾರೆ. ಮಾತು ಕೇಳುವ ಒವನ್ ಟರ್ಕಿ ಕೋಳಿಯನ್ನು ಸುಟ್ಟು ಹಾಕುವ ದೃಶ್ಯಕ್ಕೆ ಹೆಂಡತಿ, ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು.

ರಾತ್ರಿ ಹೋಟೆಲಿನಲ್ಲಿ ಮಗಳು ಯೂಟ್ಯೂಬ್‌ನಲ್ಲಿ ಹಾರೈಜನ್ಸ್ ಹುಡುಕಿದಳು. ಅಭಿಮಾನಿಗಳು ಆಗಿನ ಹ್ಯಾಂಡಿಕ್ಯಾಮಿನಲ್ಲಿ ತೆಗೆದದ್ದು ಬೇಕಾದಷ್ಟಿದೆ. "ಯಾವುದು ಹಾಕಲಿ ಅಪ್ಪಾ?" ಅಂದಳು. ಸಮುದ್ರ ಅಂದೆ. ಚಿತ್ರ ಮಸುಕಾಗಿತ್ತು, ಹಿಂದೆ ಯಾರೋ ಕೆಮ್ಮುತ್ತಿದ್ದರು, ಪುಟಾಣಿ ಜಲಾಂತರ್ಗಾಮಿ ಮಾತ್ರ ಭರ್ಜರಿಯಾಗಿ ಹೋಗುತ್ತಿತ್ತು. ಬಾಹ್ಯಾಕಾಶಕ್ಕಿಂತ ಇದೇ ವಾಸಿ ಅಂತ ಆ ಹಳೇ ಗುಂಪಿಗೆ ವಾಟ್ಸಾಪ್ ಹಾಕಿದ್ದೇನೆ, ಇನ್ನೂ ಜಗಳ ನಡೀತಿದೆ.